ಹರಟೆ ಸಂಗ್ರಹ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಜಾಬರ್‌ಡಿ ಎಂಬ ಚಾಟ್ ಸರ್ವರಿಗೆ ಮೈಎಸ್‌ಕ್ಯೂಎಲ್ ಜೋಡಿಸುವ ವಿಧಿಯನ್ನು ನಿರೂಪಿಸುವ ಈ ಕಿರುಗ್ರಂಥವೂ ಅದೇ ಜಾಡು ಹಿಡಿಯುತ್ತದೆ.

ಅಧಿಕಾರಿ: ರೂಟ್ ಪಾಸ್‌ವರ್ಡ್ ಬಲ್ಲವನು, ಬ್ಯಾಕಪ್ ತೆಗೆದಿಟ್ಟವನು, ಇಂಡೆಂಟೇಶನ್ನಿನಲ್ಲಿ ಶ್ರದ್ಧೆಯುಳ್ಳವನು ಮಾತ್ರ ಇದಕ್ಕೆ ಅರ್ಹ. ಕಾನ್ಫಿಗ್ ಫೈಲು ಯಾಮೆಲ್‌ನಲ್ಲಿರುವುದರಿಂದ ಸಾಲಿನ ಮೊದಲಲ್ಲಿ ಸ್ಪೇಸ್ ವಿಹಿತ, ಟ್ಯಾಬ್ ನಿಷಿದ್ಧ.

ವಿಷಯ: ಇಲ್ಲಿ ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ‘ಇಜಾಬರ್‌ಡಿಯನ್ನು ಬರೆದಿರುವ ಎರ್ಲಾಂಗ್ ಭಾಷೆಯೊಡನೆ ಮ್ನೀಸಿಯಾ ಎಂಬ ಡೇಟಾಬೇಸು ತಾನಾಗಿಯೇ ಬಂದಿರುವಾಗ ಇನ್ನೊಂದರ ಗೊಡವೆ ಏಕೆ?’ ಸಮಾಧಾನ: ಮ್ನೀಸಿಯಾ ಡಿಸ್ಕಿನಲ್ಲೇ ಇಡುವ ಕೋಷ್ಟಕಗಳು ಡೆಟ್ಸ್ ಫೈಲುಗಳು, ಅವುಗಳ ಗರಿಷ್ಠ ಗಾತ್ರ 2 ಜಿಬಿ. ಹರಟೆಗೋ ಗರಿಷ್ಠವೆಂಬುದಿಲ್ಲ. ಆದ್ದರಿಂದ ‘ಡೀಫಾಲ್ಟ್ ಡಿಬಿ’ಯ ಮುಂದೆ ‘ಎಸ್‌ಕ್ಯೂಎಲ್’ ಎಂದು ಬರೆಯತಕ್ಕದ್ದು. ಹಾಗೆ ಬರೆದು ರೀಸ್ಟಾರ್ಟ್ ಮಾಡಿ ಕೈ ತೊಳೆದುಕೊಂಡವನಿಗೆ ಬಳಕೆದಾರರ ಶಾಪ ತಪ್ಪದು. ಹಳೆಯ ಖಾತೆಗಳು ಮ್ನೀಸಿಯಾದಲ್ಲೇ ಉಳಿದಿರುತ್ತವೆ. ಅವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ತರಬೇಕು.

ಇನ್ನು ಅಕ್ಷರ ವಿಚಾರ. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8ಗೆ ಒಂದು ಅಕ್ಷರಕ್ಕೆ 3 ಬೈಟಿನವರೆಗೆ ಮಾತ್ರ ಶಕ್ತಿ. ಕನ್ನಡದ ಪ್ರತಿ ಸಂಕೇತಕ್ಕೂ ಸರಿಯಾಗಿ 3 ಬೈಟು ಬೇಕಾದ್ದರಿಂದ ನಮ್ಮ ಭಾಷೆ ಹೊಸ್ತಿಲು ದಾಟಿತು. ನಗುಮುಖದ ಇಮೋಜಿಗೆ 4 ಬೈಟು. ಅದು ಹೊರಗೇ ನಿಂತಿತು. 2010ರಲ್ಲಿ ಬಂದ ಯುಟಿಎಫ್8ಎಂಬಿ4 ಅದಕ್ಕೂ ಪ್ರವೇಶ ಕೊಟ್ಟಿತು. ಆದರೆ ಮೈಎಸ್‌ಕ್ಯೂಎಲ್ ಒಳಗಿನ ಹಳೆಯ ಇನ್ನೋಡಿಬಿ ಎಂಜಿನ್ನಿನ ಇಂಡೆಕ್ಸಿಗೆ 767 ಬೈಟೇ ಮಿತಿ. ನಾಲ್ಕರಿಂದ ಭಾಗಿಸಿದರೆ 191 ಪೂರ್ತಿ, ಮಿಕ್ಕದ್ದು ಚೂರು. ಇಜಾಬರ್‌ಡಿಯ ಮೈಎಸ್‌ಕ್ಯೂಎಲ್ ಸ್ಕೀಮಾದಲ್ಲಿ ಯೂಸರ್‌ನೇಮಿನ ಉದ್ದ 191 ಎಂದಿರುವುದನ್ನು ಕಂಡು ಅದೇನೋ ಮಂತ್ರಸಂಖ್ಯೆ ಎಂದು ಭ್ರಮಿಸುವವರು ಬರಿಯ ಭಾಗಾಕಾರ ಮರೆತವರು.

ಸಂಬಂಧ: ಮನುಷ್ಯಸಂಬಂಧದ ಬಗ್ಗೆ ಹಿಂದಿನವರು ಕಾವ್ಯ ಬರೆದರು. ‘ರೋಸ್ಟರ್‌ಯೂಸರ್ಸ್’ ಎಂಬ ಗೆಳೆಯರ ಪಟ್ಟಿಯ ಕೋಷ್ಟಕ ಅದಕ್ಕೆ ಒಂದೇ ಅಕ್ಷರ ಕೊಟ್ಟಿದೆ. ‘ಬಿ’ ಎಂದರೆ ಇಬ್ಬರೂ ಆನ್‌ಲೈನ್ ಬಂದದ್ದು ಪರಸ್ಪರ ಕಾಣುತ್ತದೆ. ‘ಟಿ’ ಎಂದರೆ ಗೆಳೆಯ ಆನ್‌ಲೈನ್ ಬಂದದ್ದು ಪಟ್ಟಿಯ ಒಡೆಯನಿಗೆ ಗೊತ್ತು, ಇವನದು ಅವನಿಗೆ ಬೇಡ. ‘ಎಫ್’ ಅದರ ತಿರುಗುಮುರುಗು. ‘ಎನ್’ ಎಂದರೆ ಹೆಸರಿಗಷ್ಟೇ ನಂಟು. ಐದನೆಯ ಬಗೆಯೊಂದುಂಟು ಎನ್ನುವ ಕವಿಗಳು ಸ್ಕೀಮಾ ಓದಿದವರಲ್ಲ.

ಪ್ರಯೋಜನ: ಮ್ಯಾಮ್ ಎಂಬ ಮಾಡ್ಯೂಲನ್ನು ‘ಆಲ್ವೇಸ್’ ಎಂದಿಟ್ಟರೆ ಮಾತೆಲ್ಲ ‘ಆರ್ಕೈವ್’ ಕೋಷ್ಟಕ ಸೇರುತ್ತದೆ. ‘ಊಟ ಆಯ್ತಾ?’ ಎಂಬ ವಾಕ್ಯವನ್ನೇ ನೋಡಿ. ಲೆಕ್ಕಕ್ಕೆ 23 ಬೈಟು. ಅದು ಎಕ್ಸ್‌ಎಂಎಲ್ ಕಾಲಮ್ಮಿನಲ್ಲೊಮ್ಮೆ, ಹುಡುಕುವ ಅನುಕೂಲಕ್ಕೆಂದು ಟಿಎಕ್ಸ್‌ಟಿ ಕಾಲಮ್ಮಿನಲ್ಲೊಮ್ಮೆ ಕೂರುತ್ತದೆ. ಕೇಳಿದವನ ಪಾಲಿಗೊಂದು ಸಾಲು, ಕೇಳಿಸಿಕೊಂಡವನ ಪಾಲಿಗೊಂದು. ಹೀಗೆ ಒಮ್ಮೆ ಕೇಳಿದ ಊಟ ನಾಲ್ಕು ಕಡೆ ದಾಖಲು. ಆಯ್ತೋ ಇಲ್ಲವೋ ಎಂಬ ಉತ್ತರಕ್ಕೆ ಮತ್ತೆ ನಾಲ್ಕು.

ಗ್ರಂಥದ ಗೂಢಾರ್ಥ ಇಲ್ಲಿದೆ: ರೋಸ್ಟರಿಗೂ ಆರ್ಕೈವಿಗೂ ನಡುವೆ ಫಾರಿನ್ ಕೀ ಇಲ್ಲ. ಜಗಳವಾಡಿ ಗೆಳೆಯನನ್ನು ಪಟ್ಟಿಯಿಂದ ಕಿತ್ತೊಗೆದರೆ ಅಳಿಯುವುದು ಆ ಒಂದಕ್ಷರದ ಸಾಲು; ಆಡಿದ ಮಾತು ಹಾಗೇ ಕೂತಿರುತ್ತದೆ. ನಂಟನ್ನು ಜೋಪಾನ ಮಾಡುವುದು ರಿಲೇಷನಲ್ ಡೇಟಾಬೇಸಿನ ಧರ್ಮವಲ್ಲವೆಂದು ಇದರಿಂದ ಸಿದ್ಧ.

ಫಲಶ್ರುತಿ: ಇದನ್ನು ಓದಿ, ಹಳೆಯ ಸಂದೇಶ ಅಳಿಸುವ ಆಜ್ಞೆಯನ್ನು ಕ್ರಾನ್‌ಗೆ ಹಾಕಿದವನಿಗೆ ಡಿಸ್ಕ್ ತುಂಬದು. ಹಾಕದವನಿಗೆ ಊರಿನವರ ಊಟದ ಚರಿತ್ರೆಯೆಲ್ಲ ಸಿದ್ಧಿಸುವುದು.