ಕಂಪಲಾಪುರದಲ್ಲಿ ಮಷೀನ್ ಲರ್ನಿಂಗ್

(ಪಿರಿಯಾಪಟ್ಟಣ ತಾಲ್ಲೂಕಿನ ತಂಬಾಕು ಹರಾಜುಕಟ್ಟೆ. ತಂಬಾಕಿನ ಬೇಲ್ ಮೇಲೆ ಕೂತ ಅಪ್ಪ, ಬಿ.ಫಾರ್ಮ್ ಮಗ.)

ಅಪ್ಪ: ಅದೇನ್ಲಾ ಮಷೀನ್ ಲರ್ನಿಂಗು?

ಮಗ: ಇದು ವಿಷ, ಇದಲ್ಲ ಅಂತ ಸಾವಿರಾರು ಅಣುಗಳಿಗೆ ಚೀಟಿ ಹಚ್ಚಿ ಕಲಿಸಿದ್ರೆ, ಹೊಸ ಅಣು ವಿಷವೋ ಅಲ್ವೋ ಅಂತ ಕಂಪ್ಯೂಟರೇ ಊಹಿಸ್ತದೆ ಕಣಪ್ಪಾ.

ಅಪ್ಪ: ಚೀಟಿ ತಪ್ಪಿದ್ರೆ?

ಮಗ: ತಪ್ಪನ್ನೇ ಕಲೀತದೆ.

ಅಪ್ಪ: ನೀನು ಮಾಡಿ ನೋಡ್ದ್ಯಾ?

ಮಗ: ಎರಡನೇ ಸೆಮಿಸ್ಟರ್ ಸಿಲಬಸ್ಸಲ್ಲಿ ಬೈನರಿ, ಎಚ್‌ಟಿಎಂಎಲ್, ಎಂಎಸ್ ಆಕ್ಸೆಸ್ ಅದೆ. ಮಷೀನ್ ಲರ್ನಿಂಗ್‌ನ ಬೋರ್ಡ್ ಮೇಲೆ ಬರೆಸಿದ್ರು, ಅಷ್ಟೇ. ರೆಕಾರ್ಡು ಸೀನಿಯರ್‌ದು ನೋಡಿ ಬರ್ದಿವ್ನಿ.

ಅಪ್ಪ: ಪರೀಕ್ಷೇಲಿ ಬೇರೆ ಪ್ರಶ್ನೆ ಬಂದ್ರೆ?

ಮಗ: ಕಥೆ ಮುಗೀತು. ಕಂಪ್ಯೂಟರೂ ಹಂಗೇ ನೋಡಿದ್ದನ್ನೇ ಬಾಯಿಪಾಠ ಮಾಡಿ ಹೊಸದರಲ್ಲಿ ಎಡವಿದ್ರೆ, ಅದಕ್ಕೆ ಓವರ್‌ಫಿಟಿಂಗ್ ಅಂತಾರೆ.

ಅಪ್ಪ: ಹುಣಸೂರು ಎಲೆ ನೋಡಿ ಕಲ್ತೋನು ಎಚ್.ಡಿ. ಕೋಟೆ ಎಲೆಗೆ ಲೋ ಗ್ರೇಡ್ ಹಾಕ್ದಂಗೆ!

ಮಗ: ಅಪ್ಪಾ, ನಾಳೆ ಕಾಲೇಜಿಗೆ ಬಾ. ಗೆಸ್ಟ್ ಲೆಕ್ಚರರ್ ಪೋಸ್ಟ್ ಖಾಲಿ ಅದೆ.

ಅಪ್ಪ: ಸಂಬಳ ತಿಂಗಳಿಗೋ, ಹರಾಜಿಗೋ?