ಬ್ಲರ್ ಅಣ್ಣ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಸಂಜೆ ಹೊತ್ತು ಮಂಡಾಳ ಒಗ್ಗರಣಿ, ಮಿರ್ಚಿ ಮುಂದಿಟ್ಟುಕೊಂಡು ಯಾರಾದರೂ ತಿನ್ನದೆ ಕೂತಿದ್ದರೆ ಅವನಿಗೆ ಹೊಟ್ಟೆ ಕೆಟ್ಟಿದೆ ಅಂತ ತಿಳಿಯಬೇಡಿ. ಅವನು ಬ್ಲರ್ ಅಣ್ಣ. ಮಿರ್ಚಿ ಆರಿ, ಎಣ್ಣೆ ಕೆಳಗಿನ ಪೇಪರಿಗೆ ಇಳಿದರೂ ಅವನ ಬೆರಳು ಫೋನಿನ ಮೇಲೆ ಅತ್ತಿತ್ತ ಓಡುತ್ತಲೇ ಇರುತ್ತದೆ. "ತಡ್ರಿ, ಇದಕ್ಕೊಂದು ಬ್ಲರ್ ಹೊಡದು ಬಿಡ್ತೀನಿ."

ಇಂಥವನು ದೇವದುರ್ಗದಲ್ಲೂ ಇದ್ದಾನೆ, ಮಾನ್ವಿಯಲ್ಲೂ ಇದ್ದಾನೆ. ಹಗಲಿಗೆ ರೀಚಾರ್ಜ್ ಅಂಗಡಿಯಲ್ಲೋ ಗೊಬ್ಬರದ ಅಂಗಡಿಯ ಲೆಕ್ಕದಲ್ಲೋ ಇರುತ್ತಾನೆ, ಇಲ್ಲವೇ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುತ್ತಾನೆ. ಅವನ ಸಿದ್ಧಾಂತ ಮಾತ್ರ ಮೂರೂ ಊರಲ್ಲಿ ಒಂದೇ: ಮನುಷ್ಯನ ಹಿಂದೆ ಇರೋದೆಲ್ಲ ಕಸ.

ಮೊದಲು ಈ ಸಿದ್ಧಾಂತಕ್ಕೆ ಖರ್ಚು ಜಾಸ್ತಿ ಇತ್ತು. ದೊಡ್ಡ ಕ್ಯಾಮೆರಾ ಬೇಕು, 50 ಎಂಎಂ ಲೆನ್ಸ್ ಬೇಕು, ಅದರ ಕಿಂಡಿಯನ್ನು 1.8ಕ್ಕೆ ತೆರೆಯಬೇಕು. ಆಗ ಹಿಂದಿನದು ತಾನೇ ಕರಗುತ್ತಿತ್ತು. ಮೊಬೈಲಿನ ಲೆನ್ಸು, ಸೆನ್ಸರು ಎರಡೂ ತೀರ ಸಣ್ಣವು. ಅದಕ್ಕೆ ಹತ್ತಿರದ ಮೂಗು, ದೂರದ ಕರೆಂಟ್ ಕಂಬ ಎರಡೂ ಸಮಾನವಾಗಿ ಕಾಣುತ್ತವೆ. ಈ ಸಮಾನತೆ ಸಹಿಸಲಾರದೆ 2016ರಲ್ಲಿ ಐಫೋನ್ 7 ಪ್ಲಸ್ ಎರಡು ಲೆನ್ಸ್ ಇಟ್ಟುಕೊಂಡು ದೂರ ಅಳೆಯಿತು. ಮರುವರ್ಷ ಗೂಗಲ್‌ನ ಪಿಕ್ಸೆಲ್ 2 ಒಂದೇ ಲೆನ್ಸಿನಲ್ಲಿ ಕೆಲಸ ಮುಗಿಸಿತು. ಮನುಷ್ಯ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆ ಅಂತ ಮಷಿನ್ನಿಗೆ ಕಲಿಸಲು ಗೂಗಲ್‌ನವರು ಸುಮಾರು ಹತ್ತು ಲಕ್ಷ ಫೋಟೋ ತೋರಿಸಿದ್ದರು. ಟೋಪಿ ಹಾಕಿದವರು, ತಂಪು ಕನ್ನಡಕದವರು, ಐಸ್‌ಕ್ರೀಮ್ ಕೋನ್ ಹಿಡಿದವರು. ಅದರಲ್ಲಿ ಕಾರಹುಣ್ಣಿಮೆಗೆ ಎತ್ತು ಹಿಡಿದು ನಿಂತವರು ಎಷ್ಟು ಜನ ಇದ್ದರೋ!

ಈ ಅನುಮಾನಕ್ಕೆ ಕಾರಣ ಇದೆ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುಂಗಾರು ಹಬ್ಬ. ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲು ಎಳೆಯುವ ಸ್ಪರ್ಧೆ ನೋಡಲು ದೂರದೂರದ ಜನ ಸೇರುತ್ತಾರೆ. ಅಲ್ಲಿ ಬ್ಲರ್ ಅಣ್ಣ ತನ್ನ ಕಾಕಾನನ್ನು ಎತ್ತಿನ ಪಕ್ಕ ನಿಲ್ಲಿಸಿ ಒಂದು ಹೊಡೆದ. ಕಾಕಾನ ಮೀಸೆಯ ಒಂದೊಂದು ಕೂದಲೂ ಎಣಿಸಬಹುದಿತ್ತು. ಎತ್ತು ಮಾತ್ರ ಮೂಗುದಾರದ ತನಕ ಉಳಿದು, ಮುಂದೆ ಮಂಜಾಗಿ ಹೋಗಿತ್ತು. ಬಣ್ಣ ಬಳಿದು ಕಟ್ಟಿದ್ದ ಕೋಡು ಎಲ್ಲಿಯೂ ಇಲ್ಲ.

"ಲೇ ತಮ್ಮಾ, ನನ್ನ ಮಾರಿ ಯಾರ್ ನೋಡ್ತಾರೊ? ರೊಕ್ಕ ಕೊಟ್ಟಿದ್ದು ಎತ್ತಿಗಿ."

"ಕಾಕಾ, ಹಿಂದಿನ್ದು ಡಿಸ್ಟರ್ಬ್ ಮಾಡ್ತದ. ಲುಕ್ ಬರಂಗಿಲ್ಲ."

ಕೋಟೆಯೂ ಅವನಿಗೆ ಡಿಸ್ಟರ್ಬ್ ಮಾಡುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿ ಮೀರಿದ ಒಂದೇ ಬಂಡೆ ಇದೆ. 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಅದರ ಮೇಲೆ ಬರೆದಿದೆ. ಆ ಬಂಡೆಯನ್ನು ಬಂಡಿಯ ಮೇಲೆ ಹೇಗೆ ತಂದರು ಅನ್ನುವುದನ್ನೂ ಅಲ್ಲೇ ಕೆತ್ತಿದ್ದಾರೆ: ಸಾಲುಸಾಲು ಕೋಣ, ಹೊಡೆಯುವವರು, ಗಾಲಿಗೆ ಮೀಟುಗೋಲು ಕೊಡುವವರು. ಆ ಶಿಲ್ಪಿಯ ಕೈಯಲ್ಲಿ ಒಂದು ಕೋಣವೂ ಬ್ಲರ್ ಆಗಿಲ್ಲ. ಬ್ಲರ್ ಅಣ್ಣ ಅದರ ಮುಂದೆ ಗೆಳೆಯನನ್ನು ನಿಲ್ಲಿಸಿ, ಕೋಣ ಬಂಡಿ ಬಂಡೆ ಎಲ್ಲವನ್ನೂ ಒಂದೇ ಬೆರಳಿನಲ್ಲಿ ಒರೆಸಿ, 'ರಾಯಚೂರು ಫೋರ್ಟ್' ಅಂತ ಸ್ಟೇಟಸ್ ಹಾಕುತ್ತಾನೆ. ಹಿಂದಿರುವುದು ಅವರ ಬಚ್ಚಲುಮನೆ ಗೋಡೆ ಅಂದರೂ ನಂಬಬೇಕು.

ದೇವದುರ್ಗದ ಅವತಾರಕ್ಕೆ ರಾಜಕೀಯದ ನಂಟು. ಯುವ ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿಗೆ ಫೋಟೋ ಇವನದೇ. ನಾಯಕರು ಮುಂದೆ, ಬಿಳಿ ಅಂಗಿಯ ಕಾರ್ಯಕರ್ತರು ಹಿಂದೆ. ಬ್ಲರ್ ಆದಮೇಲೆ ಕಾರ್ಯಕರ್ತರೆಲ್ಲ ಸೇರಿ ಜಿನ್ನಿಂಗ್ ಮಿಲ್ಲಿನ ಅಂಗಳದ ಹತ್ತಿಯ ರಾಶಿಯಂತೆ ಕಂಡರು. ನಾಯಕರ ಹೆಂಡತಿಯ ತಮ್ಮ, ಫ್ಲೆಕ್ಸಿಗೆ ರೊಕ್ಕ ಕೊಟ್ಟವನು, ಆ ರಾಶಿಯಲ್ಲಿ ತನ್ನನ್ನು ಹುಡುಕಿ ಸೋತ. ಅದಾದರೂ ನಡೆಯುತ್ತಿತ್ತು. ದೂರದಲ್ಲಿ ಎದುರು ಪಕ್ಷದವರ ಫ್ಲೆಕ್ಸೊಂದು ನಿಂತಿತ್ತು; ಅದರಲ್ಲಿ ಕೈಮುಗಿದು ನಗುತ್ತಿದ್ದ ಮುಖವನ್ನು ಮಷಿನ್ನು ಮನುಷ್ಯ ಅಂತ ತಿಳಿದು ಸ್ಪಷ್ಟವಾಗಿ ಉಳಿಸಿಕೊಂಡಿತ್ತು. ರಾತ್ರಿಯೇ ಫ್ಲೆಕ್ಸ್ ಇಳಿಯಿತು.

"ಮಷಿನ್ಗಿ ಪಕ್ಷ ಗೊತ್ತಾಗಂಗಿಲ್ರೀ ಅಣ್ಣಾರ," ಅಂದ ಬ್ಲರ್ ಅಣ್ಣ. ಅವನ ಬಾಕಿ ಇನ್ನೂ ಬಂದಿಲ್ಲ.

ಮಾನ್ವಿಯವನ ಕಷ್ಟ ಇನ್ನೂ ಸೂಕ್ಷ್ಮ. ಅವನು ಮದುವೆ ವಯಸ್ಸಿಗೆ ಬಂದ ಹುಡುಗರ ಫೋಟೋ ತೆಗೆಯುತ್ತಾನೆ. ಒಬ್ಬ ವರನನ್ನು ಅವನ ಮನೆ ಮುಂದೆಯೇ ನಿಲ್ಲಿಸಿ, ಕೂದಲು ಬಾಚಿಸಿ, ಹಿಂದಿನದನ್ನೆಲ್ಲ ಕರಗಿಸಿ ವಾಟ್ಸಾಪಿನಲ್ಲಿ ಕಳಿಸಿದ. ಸಂಜೆಯೊಳಗೆ ಹುಡುಗಿಯ ಸೋದರಮಾವನ ಫೋನ್ ಬಂತು.

"ಹುಡುಗ ಚಂದ ಅದಾನ, ಇಲ್ಲನ್ನಂಗಿಲ್ಲ. ಹಿಂದ ಅದೇನು ಹಸರು ಕಾಣ್ತೈತಲ್ಲ, ಭತ್ತನೋ ಜಾಲಿ ಗಿಡನೋ?"

"ಮಾವಾರ, ಅದು ಎಫೆಕ್ಟ್ ರೀ."

"ಎಫೆಕ್ಟ್ ಇರ್ಲೆಪಾ. ಎಡದಂಡಿ ಕಾಲುವಿ ನೀರು ಬರ್ತೈತೋ ಇಲ್ಲೋ? ಆ ಕೆಂಪಂದು ಏನು? ಟ್ರ್ಯಾಕ್ಟರೋ, ಗುಡಿಸಲೋ? ಮನಿ ಆರ್‌ಸಿಸಿನೋ, ಪತ್ರಾಸೋ? ಮಾರಿ ನಾವು ಬಂದು ನೋಡ್ತೀವಿ, ಮೊದಲ ಹಿಂದಿಂದು ಕಳಸು."

ಬ್ಲರ್ ಅಣ್ಣನ ಜೀವನದಲ್ಲಿ ಇಂಥ ಬೇಡಿಕೆ ಬಂದಿರಲಿಲ್ಲ. ಮನೆಯವರನ್ನು ಕೂಡಿಸಿಕೊಂಡು ಮೂಲ ಫೋಟೋ ತೆರೆದ. ಆರ್‌ಸಿಸಿ ಮನೆ, ಹಸಿರು ಭತ್ತ, ಕೆಂಪು ಟ್ರ್ಯಾಕ್ಟರ್, ಎಲ್ಲ ಲಕ್ಷಣವಾಗಿ ಇದ್ದವು. "ಇದನ್ನ ಕಳಿಸಿಬಿಡ್ಲಿ?" ಅಂತ ಕೇಳಿದ. ವರನ ಅಪ್ಪ ಕನ್ನಡಕ ಏರಿಸಿ, ಫೋನನ್ನು ಹತ್ತಿರ ಹಿಡಿದು, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹಳದಿ ಅಕ್ಷರದಲ್ಲಿ ಬರೆಸಿದ್ದ ಪಕ್ಕದ ಮನೆಯವರ ಹೆಸರನ್ನು ನಿಧಾನಕ್ಕೆ ಓದಿದ.

"ಕಳಸಪಾ. ಟ್ರ್ಯಾಕ್ಟರ್ ಇರ್ಲಿ. ಆ ಹೆಸರಿಗಷ್ಟೇ ಒಂದು ಬ್ಲರ್ ಹೊಡಿ."