ಬರ್ಫಕ್ಕ ತಿಳಿಸಿದ್ರೋ ಇಲ್ಲೋ?

(ವಾಡಿ ಜಂಕ್ಷನ್ ಹೊರಗಿನ ಚಹಾದಂಗಡಿ. ತಾಟಿನ್ಯಾಗ ಸುಸಲಾ, ಮಿರ್ಚಿ. ಮ್ಯಾಲ ತುಸು ಸಿಮೆಂಟಿನ ಧೂಳು, ಅದಕ್ಕ ಬಿಲ್ಲಿಲ್ಲ.)

ಕಾಕಾ: ಮಾಸ್ತರೇ, ಪೇಪರದಾಗ ಏನದರಿ?

ಮಾಸ್ತರ: ಧ್ರುವದಾಗ ಬರ್ಫ ಕರಗ್ಲಾಕತ್ತದ. 2025 ಹಿಮನದಿ ಉಳಿಸೋ ವರ್ಷ ಅಂತ ವಿಶ್ವಸಂಸ್ಥೆ ಸಾರಿತ್ತು.

ಕಾಕಾ: ವರ್ಷ ಮುಗೀತಲ್ರಿ! ಬರ್ಫಕ್ಕ ತಿಳಿಸಿದ್ರೋ ಇಲ್ಲೋ?

ಮಾಸ್ತರ: ಹವಾಮಾನದ ಸಭಾ ನಡದೇ ಅವ. 2023ರಾಗ ದುಬೈ, 2024ರಾಗ ಬಾಕು.

ಕಾಕಾ: ಎರಡೂ ಎಣ್ಣಿ ಊರು! 'ಎಣ್ಣಿ ಬಿಡ್ರಿ' ಅನ್ನೋ ಸಭಾ ಸೆರೆ ಅಂಗಡ್ಯಾಗ ಕೂಡಿಸಿದಂಗ ಆತು.

ಮಾಸ್ತರ: 2025ರಾಗ ಬ್ರೆಜಿಲ್‌ದ ಬೆಲೆಮ್. ಅಲ್ಲಿ ಸಭಾದ ಜಾಗಕ್ಕೇ ಬೆಂಕಿ ಹತ್ತಿತ್ತು.

ಕಾಕಾ: ಅಂತೂ ಬಿಸಿ ಅವರಿಗೂ ಮುಟ್ಟಿತನ್ರಿ.

ಮಾಸ್ತರ: ಬಡ ದೇಶಗಳಿಗೆ ರೊಕ್ಕಾನೂ ಒಪ್ಯಾರಪ್ಪ. 2035ರೊಳಗ ವರ್ಷಕ್ಕ 300 ಬಿಲಿಯನ್ ಡಾಲರ್ ಬರ್ತದ.

ಕಾಕಾ: 'ಬರ್ತದ'! ಕಾಗಿಣಾ ಹೊಳಿ ತುಂಬಿ ತೊಗರಿ ಕೊಳೆತಾಗ ಪಂಚನಾಮಾ ಮಾಡಿದವರೂ ಇದೇ ಮಾತು ಅಂದು, ಚಹಾ ಕುಡದು ಹೋಗ್ಯಾರ.

ಮಾಸ್ತರ: ನಮ್ಮ ದೇಶದವರೂ ಧ್ರುವದಾಗ ಅದಾರ. ಅಂಟಾರ್ಕ್ಟಿಕಾದಾಗ ಮೈತ್ರಿ, ಭಾರತಿ, ಉತ್ತರದಾಗ ಹಿಮಾದ್ರಿ ಅಂತ ಸಂಶೋಧನಾ ಕೇಂದ್ರ ಅವ. ಬರ್ಫ ಅಳೀತಾರ.

ಕಾಕಾ: ಛಲೋ ಆತು. ನಮ್ಮ ಮಳಿಮಾಪಕದಾಗ ಧೂಳು ಎಷ್ಟು ಇಂಚು ಬಿತ್ತು, ಅದನ್ನೂ ಯಾರರೆ ನೋಡ್ಲಿ.

ಮಾಸ್ತರ: ಸಿಮೆಂಟಿಗೆ ಸುಣ್ಣದಕಲ್ಲು ಸುಡ್ತಾರಲ್ಲ, ಇಂಗಾಲ ಆ ಕಲ್ಲಿನ್ಯಾಗಿಂದನೂ ಬರ್ತದಂತ...

ಕಾಕಾ: (ಸುತ್ತ ನೋಡಿ) ಮೆಲ್ಲಕ ಓದ್ರಿ! ಮುಂದಿನ ಸಭಾಕ್ಕ ಹಾಲ್ ಕಟ್ಟೋರು ಸಿಮೆಂಟು ಎಲ್ಲಿಂದ ತರಬೇಕ್ರಿ?